ದೇವರೊಂದಿಗೆ ಅನ್ಯೋನ್ಯತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಗುರುವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಇರುತ್ತದೆ. ಹತ್ತು ಹನ್ನೆರಡು ಜನ ಬರುತ್ತಾರೆ. ಚಾಪೆ ಹಾಸಿ ಕೂರುತ್ತೇವೆ, ಹಾಡುತ್ತೇವೆ, ಸತ್ಯವೇದದ (ಬೈಬಲಿನ) ಒಂದು ಭಾಗ ಓದುತ್ತೇವೆ. ಕೂಟ ಮುಗಿದು ಟೀ ಕುಡಿಯುವಾಗಲೇ ನಿಜವಾದ ಪ್ರಶ್ನೆಗಳು ಹೊರಗೆ ಬರುವುದು. ಅದರಲ್ಲೂ "ದೇವರೊಂದಿಗೆ ಅನ್ಯೋನ್ಯತೆ" ಎಂಬ ಮಾತಿನ ಬಗ್ಗೆ ಕೇಳುವವರು ಜಾಸ್ತಿ. ನಾನು ಸಭಾಪಾಲಕನಲ್ಲ, ದೇವತಾಶಾಸ್ತ್ರದ ಕಾಲೇಜಿಗೆ ಹೋದವನೂ ಅಲ್ಲ. ಇಪ್ಪತ್ತು ವರ್ಷದಿಂದ ಈ ಕೂಟ ನಡೆಸುತ್ತಾ, ಕೇಳಿದವರ ಜೊತೆ ಕೂತು ಉತ್ತರ ಹುಡುಕಿದವನು. ಅವರು ಕೇಳಿದ ಹಾಗೆಯೇ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಅನ್ಯೋನ್ಯತೆ ಅಂದರೆ ಏನು? ಭಕ್ತಿ ಅಂದರೆ ಸಾಕಲ್ವಾ?

ನಮ್ಮ ಕಡೆ ಗಂಡ ಹೆಂಡತಿ ಚೆನ್ನಾಗಿದ್ದರೆ "ಎಷ್ಟು ಅನ್ಯೋನ್ಯವಾಗಿದ್ದಾರೆ ನೋಡಿ" ಅನ್ನುತ್ತೇವೆ. ಭಕ್ತಿ ಒಂದು ಕಡೆಯಿಂದಲೂ ಇರಬಹುದು. ಅನ್ಯೋನ್ಯತೆ ಹಾಗಲ್ಲ, ಅದಕ್ಕೆ ಎರಡು ಕಡೆಯೂ ಬೇಕು. ನಾನು ದೇವರನ್ನು ಹುಡುಕಿಕೊಂಡು ಹೋಗುವುದು ಅರ್ಧ ಮಾತ್ರ. ದೇವರು ನನ್ನ ಕಡೆ ಬರುವುದು ಇನ್ನರ್ಧ, ಮತ್ತು ಸತ್ಯವೇದದ ಪ್ರಕಾರ ಮೊದಲ ಅರ್ಧ ಅದೇ.

ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಬರೆದದ್ದು ಗ್ರೀಕಿನಲ್ಲಿ. ಅಲ್ಲಿನ ಪದ ಕೊಯಿನೊನಿಯ. ಹೊಸ ಒಡಂಬಡಿಕೆಯಲ್ಲಿ ಅದು 19 ಸಲ ಬರುತ್ತದೆ. ಅದರ ಬೇರು ಕೊಯಿನೊಸ್, ಅಂದರೆ ಎಲ್ಲರಿಗೂ ಸೇರಿದ್ದು. ನನಗೆ ಅದಕ್ಕೆ ತೀರಾ ಹತ್ತಿರ ಅನಿಸುವ ಕನ್ನಡದ ಮಾತು "ಪಾಲು". ಲೂಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ, ಬಲೆ ಹರಿಯುವಷ್ಟು ಮೀನು ಬಿದ್ದ ದಿನ, ಮುಂದೆ ಯೇಸುವಿನ ಶಿಷ್ಯರಾದ ಯಾಕೋಬ ಮತ್ತು ಯೋಹಾನ ಸೀಮೋನ ಪೇತ್ರನ ಪಾಲುಗಾರರಾಗಿದ್ದರು ಎಂದು ಬರುತ್ತದೆ. ಅಲ್ಲಿ ಇರುವುದೂ ಇದೇ ಬೇರಿನ ಪದ. ದೋಣಿಯಲ್ಲಿ ಪಾಲು, ಬಲೆಯಲ್ಲಿ ಪಾಲು, ಮೀನಿನಲ್ಲಿ ಪಾಲು, ಮೀನು ಸಿಗದ ರಾತ್ರಿಯ ನಷ್ಟದಲ್ಲೂ ಪಾಲು.

ಆ ಯೋಹಾನನೇ ಮುಂದೆ ಮುದುಕನಾದ ಮೇಲೆ 1 ಯೋಹಾನ ಎಂಬ ಪತ್ರ ಬರೆದ ಎಂಬುದು ಸಭೆಯ ಹಳೆಯ ನಂಬಿಕೆ. ಅದರ ಮೊದಲ ಅಧ್ಯಾಯದಲ್ಲೇ "ನಮ್ಮ ಅನ್ಯೋನ್ಯತೆ ತಂದೆಯ ಸಂಗಡ, ಆತನ ಮಗನಾದ ಯೇಸು ಕ್ರಿಸ್ತನ ಸಂಗಡ" ಎಂಬ ಅರ್ಥದ ಮಾತು ಇದೆ. ಮೀನಿನ ವ್ಯಾಪಾರದಲ್ಲಿ ಕಲಿತ ಪದವನ್ನು ದೇವರ ಜೊತೆಗಿನ ಬದುಕಿಗೆ ಬಳಸಿದ್ದಾನೆ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಇಟ್ಟು ಓದಿದ ದಿನ ನನಗೆ ಆ ಪದದ ಅರ್ಥ ತೆರೆದುಕೊಂಡಿತು. ದೇವರು ತನ್ನ ಬದುಕಿನಲ್ಲಿ ನಮಗೆ ಪಾಲು ಕೊಡುತ್ತಾನೆ, ನಮ್ಮ ಬದುಕಿನಲ್ಲಿ ತಾನೂ ಪಾಲುಗಾರನಾಗುತ್ತಾನೆ. ಸುಮ್ನೆ ಹತ್ತಿರ ಇದ್ದ ಹಾಗೆ ಅನಿಸುವುದಕ್ಕಿಂತ ಇದು ಎಷ್ಟೋ ಗಟ್ಟಿಯಾದದ್ದು.

ದೇವರಿಗೆ ನಮ್ಮ ಸಹವಾಸ ಯಾಕೆ ಬೇಕು? ಒಂಟಿಯಾಗಿದ್ದನಾ?

ಇಲ್ಲ. ತಂದೆ, ಮಗ, ಪವಿತ್ರಾತ್ಮ ಎಂದು ಕ್ರೈಸ್ತರು ನಂಬುವುದರ ಅರ್ಥ ಇಲ್ಲಿ ತಿಳಿಯುತ್ತದೆ. ಯೋಹಾನನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಯೇಸು ಪ್ರಾರ್ಥಿಸುವಾಗ, ಲೋಕ ಹುಟ್ಟುವ ಮೊದಲೇ ತಂದೆ ತನ್ನನ್ನು ಪ್ರೀತಿಸಿದ್ದನ್ನು ನೆನೆಯುತ್ತಾನೆ. ಪ್ರೀತಿ ಅಲ್ಲಿ ಮೊದಲಿಂದಲೇ ಇತ್ತು. ಬೇಸರ ಕಳೆಯಲು ದೇವರು ನಮ್ಮನ್ನು ಮಾಡಲಿಲ್ಲ. ಮನೆಯಲ್ಲಿ ಹಬ್ಬದ ಅಡುಗೆ ತುಂಬಿರುವಾಗ ಪಕ್ಕದ ಮನೆಯವರನ್ನು ಕರೆಯುತ್ತೇವಲ್ಲ, ನಮ್ಮನ್ನು ಕರೆದದ್ದು ಹಾಗೆ.

ಹಳೆಯ ಒಡಂಬಡಿಕೆಯಲ್ಲಿ ದೇವರು ಬರೀ ಭಯಂಕರ. ಅಲ್ಲಿ ಅನ್ಯೋನ್ಯತೆ ಎಲ್ಲಿದೆ?

ಮೊದಲ ಪುಟಗಳಲ್ಲೇ ಇದೆ. ಆದಿಕಾಂಡ 3ರಲ್ಲಿ ತಂಗಾಳಿ ಬೀಸುವ ಹೊತ್ತಿಗೆ ದೇವರು ತೋಟದಲ್ಲಿ ತಿರುಗಾಡುವ ಸದ್ದು ಕೇಳಿಸುತ್ತದೆ. ಆ ಹೊತ್ತಿಗೆ ಆದಾಮ ಹವ್ವ ಮರಗಳ ನಡುವೆ ಅಡಗಿದ್ದಾರೆ. "ಎಲ್ಲಿದ್ದೀ?" ಎಂದು ಕರೆಯುವವನು ದೇವರು. ಕಳೆದುಹೋದ ಮಗುವನ್ನು ಹುಡುಕುವ ತಂದೆಯ ದನಿಯೇ ನನಗೆ ಅಲ್ಲಿ ಕೇಳಿಸುವುದು.

ಆಮೇಲೆ ಹನೋಕ. ಅವನ ಬಗ್ಗೆ ಹೇಳುವುದೇ ನಾಲ್ಕು ಮಾತು, ಅದರಲ್ಲಿ ಎರಡು ಸಲ ಅವನು ದೇವರೊಂದಿಗೆ ನಡೆದ ಎಂದು. ಅಬ್ರಹಾಮನಿಗೆ ದೇವರ ಸ್ನೇಹಿತ ಎಂಬ ಹೆಸರು ಬಂತು. ಮೋಶೆಯ ಜೊತೆ ದೇವರು ಸ್ನೇಹಿತನ ಜೊತೆ ಮಾತಾಡುವ ಹಾಗೆ ಮುಖಾಮುಖಿ ಮಾತಾಡುತ್ತಿದ್ದ ಎಂದು ವಿಮೋಚನಕಾಂಡ 33 ಹೇಳುತ್ತದೆ.

ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಲ್ಲುವುದು ಯಾಜಕಕಾಂಡದ ಸಮಾಧಾನಯಜ್ಞದ ಹತ್ತಿರ. ಎಷ್ಟೋ ಜನ ಆ ಪುಸ್ತಕವನ್ನು ದಾಟಿ ಹೋಗಿಬಿಡುತ್ತಾರೆ. ಸರ್ವಾಂಗಹೋಮದಲ್ಲಿ ಪಶುವನ್ನು ಪೂರ್ತಿ ಸುಡುತ್ತಿದ್ದರು. ಸಮಾಧಾನಯಜ್ಞದಲ್ಲಿ ಹಾಗಲ್ಲ. ಕೊಬ್ಬು ಬೆಂಕಿಗೆ, ಅದು ದೇವರ ಪಾಲು. ಎದೆ ಮತ್ತು ಬಲದೊಡೆ ಯಾಜಕರ ಪಾಲು. ಉಳಿದ ಮಾಂಸ ತಂದವನ ಮನೆಯವರಿಗೆ. ಒಂದೇ ಪಶು, ಮೂರು ಪಾಲು. ಎಲ್ಲರೂ ಒಂದೇ ಊಟದಲ್ಲಿ ಸೇರಿದ ಹಾಗೆ.

ಇನ್ನೊಂದು ನಿಯಮವೂ ಇದೆ, 7ನೇ ಅಧ್ಯಾಯದಲ್ಲಿ. ಕೃತಜ್ಞತೆಗಾಗಿ ತಂದ ಪಶುವಿನ ಮಾಂಸವನ್ನು ಅದೇ ದಿನ ಮುಗಿಸಬೇಕು, ಬೆಳಿಗ್ಗೆಗೆ ಉಳಿಸಬಾರದು. ಒಂದು ಹೋರಿಯ ಮಾಂಸವನ್ನು ಒಂದು ಮನೆಯವರು ಒಂದೇ ದಿನದಲ್ಲಿ ತಿಂದು ಮುಗಿಸಲು ಆಗುತ್ತಾ? ಆಗಲ್ಲ. ಬಂಧುಬಳಗವನ್ನು, ನೆರೆಯವರನ್ನು, ಇಲ್ಲದವರನ್ನು ಕರೆಯಲೇಬೇಕು. ದೇವರ ಜೊತೆ ಊಟಕ್ಕೆ ಕೂರುವವನು ಒಬ್ಬನೇ ಕೂರುವ ಹಾಗಿಲ್ಲ ಎಂಬುದು ಆ ನಿಯಮದ ಒಳಗೇ ಇತ್ತು ಎಂದು ನಾನು ಓದಿಕೊಳ್ಳುತ್ತೇನೆ.

ಹಾಗಾದರೆ ಯೇಸುವಿನ ಮೂಲಕವೇ ಯಾಕೆ? ನೇರವಾಗಿ ದೇವರ ಹತ್ತಿರ ಹೋಗಬಹುದಲ್ಲ?

ಹೋಗಲು ಆಗುತ್ತಿರಲಿಲ್ಲ ಎಂಬುದೇ ಯೆರೂಸಲೇಮಿನ ದೇವಾಲಯ ಹೇಳುತ್ತಿದ್ದ ಮಾತು. ಒಳಗಿನ ಮಹಾಪರಿಶುದ್ಧ ಸ್ಥಳಕ್ಕೆ ಒಂದು ದಪ್ಪ ತೆರೆ. ವರ್ಷದಲ್ಲಿ ಒಂದೇ ದಿನ, ದೋಷಪರಿಹಾರಕ ದಿನ, ಒಬ್ಬನೇ ಮನುಷ್ಯ, ಮಹಾಯಾಜಕ, ರಕ್ತ ಹಿಡಿದುಕೊಂಡು ಒಳಗೆ ಹೋಗುತ್ತಿದ್ದ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟಾಗ ಆ ತೆರೆ ಮೇಲಿನಿಂದ ಕೆಳಗಿನ ತನಕ ಹರಿಯಿತು ಎಂದು ಮಾರ್ಕ ಬರೆಯುತ್ತಾನೆ. ಮೇಲಿನಿಂದ ಕೆಳಗೆ ಎಂಬುದನ್ನು ಗಮನಿಸಿ. ಹರಿದದ್ದು ದೇವರ ಕಡೆಯಿಂದ. ಇಬ್ರಿಯರಿಗೆ ಬರೆದ ಪತ್ರ ಇದನ್ನೇ ಹಿಡಿದು, ಈಗ ಧೈರ್ಯವಾಗಿ ಒಳಗೆ ಬನ್ನಿ ಎಂದು ಕರೆಯುತ್ತದೆ.

ಅಂದರೆ ಯೇಸು ನಮ್ಮ ಮತ್ತು ದೇವರ ನಡುವೆ ಅಡ್ಡ ನಿಂತವನಲ್ಲ. ನೀವು ಕೇಳುವ ಆ "ನೇರ" ದಾರಿಯನ್ನು ತೆರೆದವನು ಆತನೇ ಎಂದು ಕ್ರೈಸ್ತರು ನಂಬುತ್ತಾರೆ.

ಇದು ಐಕ್ಯ ಅನ್ನುತ್ತಾರಲ್ಲ, ಅದೇನಾ?

ಕರ್ನಾಟಕದಲ್ಲಿ ಬೆಳೆದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಕೂಟಕ್ಕೆ ಬರುವವರಲ್ಲೂ ಕೆಲವರು ವಚನ ಓದಿಕೊಂಡು ಬೆಳೆದವರು. ಶರಣರ ದಾರಿಯಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಸ್ಥಲಗಳಿವೆ. ಕೊನೆಯದು ಐಕ್ಯ. ಆ ದಾರಿಯ ಬಗ್ಗೆ ನನಗೆ ಗೌರವ ಇದೆ, ಅದನ್ನು ವಿವರಿಸುವ ಅರ್ಹತೆ ಅದರೊಳಗೆ ಬದುಕುವವರದ್ದು.

ಕ್ರೈಸ್ತರು ಹೇಳುವುದು ಇಷ್ಟು: ಅನ್ಯೋನ್ಯತೆಯಲ್ಲಿ ಇಬ್ಬರು ಇಬ್ಬರಾಗಿಯೇ ಉಳಿಯುತ್ತಾರೆ. ದೇವರು ದೇವರೇ, ನಾನು ಆತನು ಸೃಷ್ಟಿಸಿದವನೇ. 2 ಪೇತ್ರ 1ರಲ್ಲಿ ನಾವು ದೇವಸ್ವಭಾವದಲ್ಲಿ ಪಾಲು ಹೊಂದುವವರು ಎಂಬ ದೊಡ್ಡ ಮಾತಿದೆ. ಪೂರ್ವದ ಆರ್ಥಡಾಕ್ಸ್ ಸಭೆಗಳು ಇದರ ಮೇಲೆ ತುಂಬ ಆಳವಾಗಿ ಯೋಚಿಸಿವೆ. 14ನೇ ಶತಮಾನದ ಗ್ರೆಗೊರಿ ಪಲಮಾಸ್ ಎಂಬ ಸನ್ಯಾಸಿ, ದೇವರ ಮೂಲತತ್ವದಲ್ಲಿ ನಾವು ಪಾಲುಗಾರರಾಗಲು ಆಗದು, ಆದರೆ ಆತನ ಶಕ್ತಿಯಲ್ಲಿ, ಬೆಳಕಿನಲ್ಲಿ ನಿಜವಾಗಿಯೂ ಪಾಲು ಸಿಗುತ್ತದೆ ಎಂದು ವಾದಿಸಿದ. ನಾವು ದೇವರಲ್ಲಿ ಕರಗಿ ಇಲ್ಲವಾಗುವುದಿಲ್ಲ. ಆತನು ನಮ್ಮನ್ನು ಹೆಸರು ಹಿಡಿದು ಕರೆಯುತ್ತಲೇ ಇರುತ್ತಾನೆ.

ಪಾಪ ಮಾಡಿದರೆ ಎಲ್ಲಾ ಕಡಿದುಹೋಯ್ತಾ? ಮತ್ತೆ ಮೊದಲಿಂದ ಶುರು ಮಾಡಬೇಕಾ?

ಎರಡು ವಿಷಯವನ್ನು ಬೇರೆ ಬೇರೆ ಇಟ್ಟು ನೋಡಿ. ಮಗ ಅಪ್ಪನ ಜೊತೆ ಜಗಳ ಮಾಡಿ ಮಾತು ಬಿಟ್ಟ ಅಂದುಕೊಳ್ಳಿ. ಅವನು ಮಗ ಅಲ್ಲದೆ ಹೋಗುವುದಿಲ್ಲ. ಆದರೆ ಮನೆಯಲ್ಲಿ ಊಟ ರುಚಿಸುವುದಿಲ್ಲ, ಅಪ್ಪ ಬಂದರೆ ಎದ್ದು ಆಚೆ ಹೋಗುತ್ತಾನೆ. ಹಾಳಾದದ್ದು ಅನ್ಯೋನ್ಯತೆ. ಪಾಪ ಮಾಡಿದ ವಿಶ್ವಾಸಿಯ ಸ್ಥಿತಿಯೂ ಇದೇ ಎಂದು ನಮ್ಮ ಸಭೆಗಳಲ್ಲಿ ಕಲಿಸುತ್ತಾರೆ. ವಿಶ್ವಾಸವನ್ನೇ ಬಿಟ್ಟು ಹೋಗಬಹುದಾ ಎಂಬ ವಿಷಯದಲ್ಲಿ ಸಭೆಗಳ ನಡುವೆ ಒಮ್ಮತ ಇಲ್ಲ. ಆ ಚರ್ಚೆಗೆ ಇಲ್ಲಿ ಇಳಿಯುವುದಿಲ್ಲ. ಬಿದ್ದವನು ತಿರುಗಿ ಬಂದರೆ ಬಾಗಿಲು ತೆರೆದಿದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ.

1 ಯೋಹಾನ ಇಲ್ಲಿ ಎರಡು ಕಡೆಯೂ ಬಿಗಿಯಾಗಿ ಹಿಡಿಯುತ್ತದೆ. ದೇವರ ಸಂಗಡ ಅನ್ಯೋನ್ಯತೆ ಇದೆ ಎಂದು ಹೇಳಿ ಕತ್ತಲೆಯಲ್ಲಿ ನಡೆದರೆ ನಾವು ಸುಳ್ಳುಗಾರರು. ನಮ್ಮಲ್ಲಿ ಪಾಪವೇ ಇಲ್ಲ ಎಂದರೂ ಸುಳ್ಳುಗಾರರು. ಉಳಿದ ದಾರಿ ಒಂದೇ: ಒಪ್ಪಿಕೊಳ್ಳುವುದು. ಒಪ್ಪಿಕೊಂಡರೆ ಆತನು ಕ್ಷಮಿಸಿ ಶುದ್ಧಿ ಮಾಡುತ್ತಾನೆ. ಕಥೋಲಿಕರು ಗುರುಗಳ ಹತ್ತಿರ ಪಾಪನಿವೇದನೆ ಮಾಡುತ್ತಾರೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಆರಾಧನೆಯಲ್ಲಿ ಒಟ್ಟಾಗಿ ಇಲ್ಲವೇ ಒಬ್ಬೊಬ್ಬರೇ ದೇವರ ಮುಂದೆ ಅರಿಕೆ ಮಾಡುತ್ತಾರೆ.

ಈ ಪ್ರಶ್ನೆ ಕೇಳುವವರಿಗೆ ನಾನು ಯಾವಾಗಲೂ ತೋರಿಸುವುದು ಎರಡು ಬೆಂಕಿಗಳನ್ನು. ಯೇಸುವನ್ನು ಹಿಡಿದ ರಾತ್ರಿ ಚಳಿ ಇತ್ತು. ಮಹಾಯಾಜಕನ ಅಂಗಳದಲ್ಲಿ ಆಳುಗಳು ಇದ್ದಿಲಿನ ಬೆಂಕಿ ಮಾಡಿಕೊಂಡು ಕಾಯಿಸಿಕೊಳ್ಳುತ್ತಿದ್ದರು. ಪೇತ್ರನೂ ಅವರ ಜೊತೆ ನಿಂತ. ಆ ರಾತ್ರಿ, ತಾನು ಆತನ ಶಿಷ್ಯನೇ ಅಲ್ಲ ಎಂದು ಮೂರು ಸಲ ಹೇಳಿದ. ಅದು ಯೋಹಾನ 18. ಯೇಸು ಎದ್ದುಬಂದ ಮೇಲೆ, 21ನೇ ಅಧ್ಯಾಯದಲ್ಲಿ, ಪೇತ್ರ ಮೀನು ಹಿಡಿಯಲು ಹೋಗುತ್ತಾನೆ, ರಾತ್ರಿಯೆಲ್ಲಾ ಏನೂ ಸಿಗುವುದಿಲ್ಲ. ದಡದಲ್ಲಿ ಮತ್ತೆ ಇದ್ದಿಲಿನ ಕೆಂಡ. ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಇದ್ದಿಲಿನ ಬೆಂಕಿಗೆ ಬಳಸಿದ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಕಡೆ ಬರುತ್ತದೆ.

ಪೇತ್ರನ ಮೂಗಿಗೆ ಆ ಹೊಗೆಯ ವಾಸನೆ ಬಡಿದಾಗ ಅವನಿಗೆ ಏನಾಗಿರಬೇಕು ಯೋಚಿಸಿ. ಯೇಸು ಮೊದಲು ಹೇಳಿದ್ದು "ಬನ್ನಿ, ಊಟ ಮಾಡಿ" ಎಂದು. ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ?" ಎಂದು ಕೇಳಿದ್ದು ಊಟ ಆದ ಮೇಲೆ. ಪೇತ್ರನಿಗೆ ಆ ಪ್ರಶ್ನೆ ನೋವು ಕೊಟ್ಟಿತು ಎಂದು ಬರೆದಿದೆ, ಪಾಪವನ್ನು ಮುಚ್ಚಿಹಾಕಲಿಲ್ಲ. ಆದರೆ ಹೊಟ್ಟೆಗೆ ಹಾಕಿದ ಮೇಲೆ ಕೇಳಿದ.

ಒಬ್ಬರ ಮೇಲೆ ಮನಸ್ಸು ಕೆಟ್ಟಿದೆ. ಆದರೂ ದೇವರ ಜೊತೆ ಚೆನ್ನಾಗಿರಬಹುದಲ್ಲ?

ಇದಕ್ಕೆ ನನ್ನ ಬದುಕಿನಿಂದಲೇ ಉತ್ತರ ಕೊಡುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಿನ ವಿಷಯದಲ್ಲಿ ನನಗೂ ಅಣ್ಣನಿಗೂ ಮಾತು ನಿಂತಿತು. ಎಂಟು ತಿಂಗಳು. ಆ ಎಂಟು ತಿಂಗಳೂ ನಾನು ಸಭೆಗೆ ತಪ್ಪದೆ ಹೋದೆ, ಗುರುವಾರದ ಕೂಟವನ್ನೂ ನಡೆಸಿದೆ. ಪ್ರಾರ್ಥನೆಯ ಮಾತುಗಳು ಬಾಯಲ್ಲಿ ಬರುತ್ತಿದ್ದವು, ಎದೆ ಮಾತ್ರ ಒಣಗಿದ ಕೆರೆಯ ಹಾಗಿತ್ತು.

ಒಂದು ಭಾನುವಾರ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ಕೊಡುವ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ, ಎದ್ದು ಸಾಲಿನಲ್ಲಿ ನಿಂತಿದ್ದೆ. ಮತ್ತಾಯ 5ರ ಮಾತು ನೆನಪಾಯಿತು: ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು. ನನಗೆ ಅವನ ಮೇಲೆ ಇರುವುದರ ಲೆಕ್ಕ ಅಲ್ಲಿ ಇಲ್ಲ, ಅವನಿಗೆ ನನ್ನ ಮೇಲೆ ಇರುವುದರದ್ದು ಇದೆ. ಸಾಲಿನಿಂದ ಹೊರಗೆ ಬಂದು ಬೆಂಚಿನಲ್ಲಿ ಕೂತೆ. ಆರಾಧನೆ ಮುಗಿದ ಮೇಲೆ ಬಸ್ ಹಿಡಿದು ಅಣ್ಣನ ಮನೆಗೆ ಹೋದೆ.

ಅತ್ತಿಗೆ ಬಾಗಿಲು ತೆಗೆದರು. ಏನೂ ಕೇಳದೆ ಒಳಗೆ ಹೋಗಿ ಇನ್ನೊಂದು ತಟ್ಟೆ ಇಟ್ಟರು. ಅಣ್ಣ ಊಟಕ್ಕೆ ಕೂತಿದ್ದ. "ಅಣ್ಣಾ, ನಾನು ಆಡಿದ ಮಾತು ತಪ್ಪು" ಎಂದೆ. ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತನ್ನ ತಟ್ಟೆಯಲ್ಲಿದ್ದ ಮೀನಿನ ತುಂಡು ಎತ್ತಿ ನನ್ನ ಅನ್ನದ ಮೇಲೆ ಇಟ್ಟ. ಚಿಕ್ಕಂದಿನಲ್ಲಿ ನಡುವಿನ ತುಂಡಿಗೆ ನಾನು ಅಳುತ್ತಿದ್ದೆ, ಅದು ಅವನಿಗೆ ನೆನಪಿತ್ತು.

ಮನೆಯ ಪಾಲು ಮುಗಿಯಲು ಆಮೇಲೂ ಎರಡು ವರ್ಷ ಹಿಡಿಯಿತು. ಆದರೆ ಆ ರಾತ್ರಿ ಮನೆಗೆ ಬಂದು ಮಂಡಿಯೂರಿದಾಗ ಪ್ರಾರ್ಥನೆ ಹರಿಯಿತು. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಎಂದು 1 ಯೋಹಾನ 4 ಹೇಳುವುದು ಬರೀ ಉಪದೇಶ ಅಲ್ಲ, ಅದು ಹಾಗೆಯೇ ನಡೆಯುತ್ತದೆ. ಹೆಂಡತಿಯನ್ನು ಗೌರವದಿಂದ ನೋಡಿಕೊಳ್ಳದ ಗಂಡನ ಪ್ರಾರ್ಥನೆಗೆ ಅಡ್ಡಿಯಾಗುತ್ತದೆ ಎಂದು 1 ಪೇತ್ರ 3ರಲ್ಲೂ ಇದೆ. ಗಂಡಸರು ಆ ವಾಕ್ಯವನ್ನು ಜಾಸ್ತಿ ಓದಬೇಕು.

ಒಂದು ಎಚ್ಚರಿಕೆ ಮಾತ್ರ. ಹೊಡೆಯುವವರ, ಹಿಂಸೆ ಕೊಡುವವರ ಮನೆಗೆ ವಾಪಸ್ ಹೋಗಿ ಎಂದು ಇದರ ಅರ್ಥ ಅಲ್ಲ. ದ್ವೇಷ ಬಿಡುವುದು ಬೇರೆ, ಅಪಾಯದೊಳಗೆ ಹೋಗಿ ಕೂರುವುದು ಬೇರೆ. ಮೊದಲು ಸುರಕ್ಷಿತವಾಗಿರಿ.

ದಿನಾ ಎಷ್ಟು ಹೊತ್ತು ಪ್ರಾರ್ಥಿಸಬೇಕು? ನನಗೆ ಬೆಳಿಗ್ಗೆ ಉಸಿರಾಡಲೂ ಪುರಸೊತ್ತಿಲ್ಲ.

ಸತ್ಯವೇದದಲ್ಲಿ ಗಂಟೆಯ ಲೆಕ್ಕ ಇಲ್ಲ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬನೇ ಹೋಗಿ ಪ್ರಾರ್ಥಿಸಿದ ಎಂದು ಮಾರ್ಕ 1 ಹೇಳುತ್ತದೆ, ಹಾಗಾಗಿ ಬೆಳಗಿನ ಹೊತ್ತು ಒಳ್ಳೆಯದೇ. ಆದರೆ ಚಿಕ್ಕ ಮಕ್ಕಳಿರುವ ತಾಯಿಗೆ, ರಾತ್ರಿ ಪಾಳಿ ಮಾಡಿ ಬರುವವರಿಗೆ ಅದೇ ಹೊತ್ತು ಬೇಕೆಂದು ಹಟ ಹಿಡಿಯಬಾರದು. ಹತ್ತು ನಿಮಿಷ ಸಾಕು. ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಜೋರಾಗಿ ಓದಿ. ಅದರಲ್ಲಿ ತಟ್ಟಿದ ಒಂದು ಸಾಲು ಹಿಡಿದುಕೊಂಡು, ನಿಮ್ಮ ಮಾತಿನಲ್ಲಿ ಅದನ್ನೇ ದೇವರಿಗೆ ಹೇಳಿ. ಪುಸ್ತಕದ ಭಾಷೆ ಬೇಡ, ಮನೆಯಲ್ಲಿ ಆಡುವ ಮಾತೇ ಸಾಕು. ಆಮೇಲೆ ಎರಡು ನಿಮಿಷ ಸುಮ್ನೆ ಕೂತುಕೊಳ್ಳಿ. ಫೋನ್ ಇನ್ನೊಂದು ಕೋಣೆಯಲ್ಲಿ ಇರಲಿ.

ಉಳಿದ ದಿನ? 17ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಮೆಲ್ ಪಂಥದ ಸನ್ಯಾಸಿಗಳ ಒಂದು ಮಠದಲ್ಲಿ ಸಹೋದರ ಲಾರೆನ್ಸ್ ಎಂಬುವರಿದ್ದರು. ಮೊದಲು ಸಿಪಾಯಿ, ಕಾಲಿಗೆ ಗಾಯವಾಗಿತ್ತು. ಮಠದಲ್ಲಿ ವರ್ಷಗಟ್ಟಲೆ ಅಡುಗೆಮನೆ ಕೆಲಸ, ಆಮೇಲೆ ಚಪ್ಪಲಿ ಹೊಲಿಯುವ ಕೆಲಸ. ಅಡುಗೆ ಕೆಲಸ ಅವರಿಗೆ ಸ್ವಭಾವತಃ ಇಷ್ಟವೇ ಇರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆ, ಮಂಡಿಯೂರಿದಾಗ ಎಷ್ಟೋ ಅಷ್ಟೇ ಸಹಜವಾಗಿ ದೇವರ ಜೊತೆ ಮಾತಾಡುತ್ತಾ ಇರುವುದನ್ನು ಕಲಿತರು. 1691ರಲ್ಲಿ ತೀರಿಕೊಂಡ ಆ ಅಡುಗೆಯವರನ್ನು ಇವತ್ತಿಗೂ ಕಥೋಲಿಕರು, ಪ್ರಾಟೆಸ್ಟೆಂಟರು ಇಬ್ಬರೂ ನೆನೆಯುತ್ತಾರೆ. ಸೊಪ್ಪು ಬಿಡಿಸುವಾಗ, ಬಸ್ಸಿಗೆ ಕಾಯುವಾಗ, ಗಾಡಿ ಸಿಗ್ನಲ್ಲಿನಲ್ಲಿ ನಿಂತಾಗ ಒಂದು ಮಾತು: "ಅಪ್ಪಾ, ಈ ಕೆಲಸದಲ್ಲಿ ಜೊತೆಗಿರು." ಪಾಲುಗಾರನ ಹತ್ತಿರ ಆಡುವ ಮಾತು ಅದು.

ಪ್ರಾರ್ಥನೆ ಮಾಡುವಾಗ ಏನೂ ಅನಿಸುವುದಿಲ್ಲ. ನನ್ನಲ್ಲೇ ದೋಷ ಇದೆಯಾ?

ಇರಬೇಕೆಂದೇನೂ ಇಲ್ಲ. ಈ ಪ್ರಶ್ನೆ ಕೇಳುವವರು ದನಿ ತಗ್ಗಿಸಿ ಕೇಳುತ್ತಾರೆ, ಅದು ನನಗೆ ತುಂಬ ಸಂಕಟ ಕೊಡುತ್ತದೆ. ಪಕ್ಕದಲ್ಲಿ ಕೂತವರು ಕಣ್ಣೀರು ಸುರಿಸಿ ಪ್ರಾರ್ಥಿಸುವಾಗ ತನಗೆ ಏನೂ ಆಗದಿದ್ದರೆ, ದೇವರು ನನ್ನನ್ನು ಬಿಟ್ಟ ಎಂದು ಒಳಗೊಳಗೇ ಕೊರಗುತ್ತಾರೆ.

ಕೀರ್ತನೆ 13 ತೆರೆಯಿರಿ. "ಇನ್ನೂ ಎಷ್ಟು ಕಾಲ?" ಎಂದು ಮತ್ತೆ ಮತ್ತೆ ಕೇಳುತ್ತದೆ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರದ ಸಾಲೂ ಇಲ್ಲ. ಆದರೂ ಅದು ಸತ್ಯವೇದದಲ್ಲಿ ಇದೆ. ಏನೂ ಕಾಣದ ಕತ್ತಲಲ್ಲೂ ದೇವರನ್ನೇ ಉದ್ದೇಶಿಸಿ ಮಾತಾಡುತ್ತಿದ್ದಾನಲ್ಲ, ಅದು ಅನ್ಯೋನ್ಯತೆಯೇ. ಯೇಸು ಶಿಲುಬೆಯ ಮೇಲೆ ಕೂಗಿದ್ದೂ ಕೀರ್ತನೆ 22ರ ಮೊದಲ ಸಾಲನ್ನೇ: ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?

ಕೆಲವು ಸಲ ಕಾರಣ ದೇಹದಲ್ಲಿ ಇರುತ್ತದೆ. 1 ಅರಸು 19ರಲ್ಲಿ ಪ್ರವಾದಿ ಎಲೀಯ ಸುಸ್ತಾಗಿ, ಸಾಯಬೇಕು ಎಂದು ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ನಿದ್ದೆ ಇಲ್ಲದೆ, ಖಿನ್ನತೆಯಲ್ಲಿ ಇರುವವರು ಡಾಕ್ಟರ ಹತ್ತಿರ ಹೋಗುವುದು ವಿಶ್ವಾಸದ ಕೊರತೆ ಅಲ್ಲ. ದಯವಿಟ್ಟು ಹೋಗಿ.

ನನ್ನ ಅಮ್ಮ ಕೊನೆಯ ತಿಂಗಳುಗಳಲ್ಲಿ ಎಲ್ಲಾ ಪ್ರಾರ್ಥನೆ ಮರೆತಿದ್ದರು. ಕರ್ತನು ಕಲಿಸಿದ ಪ್ರಾರ್ಥನೆಯೂ ಅರ್ಧಕ್ಕೆ ನಿಂತುಬಿಡುತ್ತಿತ್ತು. ಉಳಿದದ್ದು "ಯೇಸಪ್ಪಾ" ಎಂಬ ಒಂದು ಮಾತು. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ಗೊತ್ತಾಗದಿದ್ದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಹೇಳುತ್ತದೆ. ಅಮ್ಮನ ಮಂಚದ ಪಕ್ಕ ಕೂತು ಅದನ್ನು ನಾನು ನಂಬಿದೆ.

ದೇವರು ನನ್ನ ಹತ್ತಿರ ಮಾತಾಡಿದ ಎಂದು ಹೇಗೆ ತಿಳಿಯುವುದು?

ಸತ್ಯವೇದಕ್ಕೆ ವಿರುದ್ಧವಾದದ್ದನ್ನು ದೇವರು ಹೇಳುವುದಿಲ್ಲ. ಇನ್ನೊಬ್ಬರನ್ನು ತುಳಿಯಲು, ಹಣ ಕೀಳಲು, ನಿಮ್ಮನ್ನು ಹೆದರಿಸಿ ಹಿಡಿದಿಡಲು ಯಾರಾದರೂ "ದೇವರು ಹೇಳಿದ" ಎಂಬ ಮಾತು ಬಳಸಿದರೆ ಅಲ್ಲಿಂದ ಎದ್ದು ಬನ್ನಿ. ಮನಸ್ಸಿಗೆ ಬಂದ ದೊಡ್ಡ ನಿರ್ಧಾರವನ್ನು ವಯಸ್ಸಾದ, ನಂಬಿಕೆಯಲ್ಲಿ ಪಳಗಿದ ಇಬ್ಬರ ಮುಂದೆ ಇಡಿ. ಕಾಯಿರಿ. ಅವಸರ ಮಾಡುವ ದನಿಯ ಬಗ್ಗೆ ನನಗೆ ಯಾವತ್ತೂ ಅನುಮಾನವೇ.

ಮನೆಯಲ್ಲೇ ಯೂಟ್ಯೂಬಿನಲ್ಲಿ ಆರಾಧನೆ ನೋಡಿದರೆ ಸಾಲದಾ?

ಹಾಸಿಗೆ ಹಿಡಿದವರಿಗೆ ಅದು ದೊಡ್ಡ ವರ. ನಡೆದು ಹೋಗಬಲ್ಲವರಿಗೆ ಸಾಲದು ಎಂದೇ ಹೇಳುತ್ತೇನೆ. ಯೋಹಾನ ತನ್ನ ಪತ್ರದಲ್ಲಿ "ನಮ್ಮ ಸಂಗಡ ನಿಮಗೂ ಅನ್ಯೋನ್ಯತೆ ಇರಬೇಕು" ಎಂದು ಮೊದಲು ಬರೆದು, ಅದೇ ಉಸಿರಿನಲ್ಲಿ ತಂದೆಯ ಸಂಗಡ ಇರುವ ಅನ್ಯೋನ್ಯತೆಯ ಮಾತಿಗೆ ಹೋಗುತ್ತಾನೆ. ಎರಡನ್ನೂ ಬಿಡಿಸಲು ಅವನಿಗೆ ಮನಸ್ಸಿಲ್ಲ.

ಕೊಯಿನೊನಿಯ ಎಂಬ ಪದವನ್ನು, ಮೊದಲ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲ ಹಣಕ್ಕೂ ಬಳಸಿದ್ದಾನೆ. ಮಕೆದೋನ್ಯ ಮತ್ತು ಅಖಾಯದ ಸಭೆಗಳು ಯೆರೂಸಲೇಮಿನ ಬಡವರಿಗೆ ಎತ್ತಿಕೊಟ್ಟ ಚಂದಾಕ್ಕೆ ರೋಮಾಪುರದವರಿಗೆ ಬರೆದ ಪತ್ರದ 15ನೇ ಅಧ್ಯಾಯದಲ್ಲಿ ಇರುವುದು ಅದೇ ಪದ. ಮುಖವನ್ನೇ ನೋಡದ ಜನರ ಹಸಿವಿನಲ್ಲಿ ಅವರು ಪಾಲುಗಾರರಾದರು. ಪರದೆ ನೋಡುತ್ತಾ ಕೂತರೆ ಪಕ್ಕದವರ ಮನೆಯಲ್ಲಿ ಅಕ್ಕಿ ಮುಗಿದದ್ದು ಗೊತ್ತಾಗುವುದಿಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಜನ ಭಾನುವಾರ ರಜೆ ಇಲ್ಲದ ಕಡೆ ಶುಕ್ರವಾರ ಸೇರಿ ಕನ್ನಡದಲ್ಲಿ ಹಾಡಿ ಬರುತ್ತಾರೆ. ವಾರವಿಡೀ ದುಡಿದು ದಣಿದವರು ಅವರು. ಸುಮ್ನೆ ಹೋಗುತ್ತಾರಾ?

ಕರ್ತನ ಭೋಜನಕ್ಕೂ ಇದಕ್ಕೂ ಏನು ಸಂಬಂಧ?

1 ಕೊರಿಂಥ 10ರಲ್ಲಿ ಪೌಲ ಕೇಳುತ್ತಾನೆ: ನಾವು ಸ್ತೋತ್ರ ಮಾಡುವ ಪಾತ್ರೆ ಕ್ರಿಸ್ತನ ರಕ್ತದಲ್ಲಿ ಪಾಲುಗಾರಿಕೆ ಅಲ್ಲವೇ, ಮುರಿಯುವ ರೊಟ್ಟಿ ಆತನ ದೇಹದಲ್ಲಿ ಪಾಲುಗಾರಿಕೆ ಅಲ್ಲವೇ? ಅಲ್ಲೂ ಕೊಯಿನೊನಿಯ. ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿ ಏನಾಗುತ್ತವೆ ಎಂಬುದರಲ್ಲಿ ಸಭೆಗಳು ಒಪ್ಪುವುದಿಲ್ಲ. 1529ರಲ್ಲಿ ಜರ್ಮನಿಯ ಮಾರ್ಬರ್ಗಿನಲ್ಲಿ ಪ್ರಾಟೆಸ್ಟೆಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಇದೇ ವಿಷಯಕ್ಕೆ ಕೂತು ಮಾತಾಡಿ, ಒಮ್ಮತಕ್ಕೆ ಬರಲಾರದೆ ಎದ್ದರು. ಒಂದಾಗಲು ಕೊಟ್ಟ ಮೇಜಿನ ಸುತ್ತಲೇ ನಾವು ಬೇರೆಯಾಗಿರುವುದು ನನಗೆ ಇವತ್ತಿಗೂ ನೋವಿನ ವಿಷಯ.

ದೇವರ ಜೊತೆ ಅನ್ಯೋನ್ಯವಾಗಿದ್ದರೆ ಕಷ್ಟ ಕಡಿಮೆ ಆಗುತ್ತಾ?

ಹಾಗೆ ಮಾತು ಕೊಡುವವರನ್ನು ನಂಬಬೇಡಿ. ಪೌಲ ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆಯುವಾಗ, ಕ್ರಿಸ್ತನ ಪುನರುತ್ಥಾನದ ಶಕ್ತಿಯ ಜೊತೆಗೆ ಆತನ ಬಾಧೆಗಳಲ್ಲೂ ಪಾಲು ಬೇಕು ಎನ್ನುತ್ತಾನೆ. ಪಾಲುಗಾರಿಕೆ ಅಂದಮೇಲೆ ಲಾಭ ಮಾತ್ರ ನನಗಿರಲಿ ಎನ್ನಲು ಆಗದು. ಆದರೆ ನಿಮ್ಮ ನಷ್ಟದಲ್ಲೂ ಆತನು ಪಾಲುಗಾರ. ಆಸ್ಪತ್ರೆಯ ವರಾಂಡದಲ್ಲಿ ರಾತ್ರಿ ಕೂತವರಿಗೆ ಇದು ಸಣ್ಣ ಮಾತಲ್ಲ.

"ಬಾಗಿಲಲ್ಲಿ ನಿಂತು ತಟ್ಟುತ್ತೇನೆ" ಎಂಬ ವಾಕ್ಯ ಹೊಸಬರಿಗೆ ಹೇಳಿದ್ದು ತಾನೆ?

ಅದು ಸತ್ಯವೇದದ ಕೊನೆಯ ಪುಸ್ತಕದಲ್ಲಿ ಯೇಸು ಆಡುವ ಮಾತು, ಪ್ರಕಟನೆ 3:20. ಮನೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇರುತ್ತದೆ. ಅದು ಮೊದಲು ಬರೆದದ್ದು ಲವೊದಿಕೀಯ ಎಂಬ ಊರಿನ ಸಭೆಗೆ, ಇಂದಿನ ಟರ್ಕಿಯಲ್ಲಿದ್ದ ಊರು. ತಮಗೆ ಯಾವುದಕ್ಕೂ ಕೊರತೆ ಇಲ್ಲ ಅಂದುಕೊಂಡಿದ್ದ ಕ್ರೈಸ್ತರು ಅವರು. ಬಿಸಿಯೂ ಅಲ್ಲದ, ತಣ್ಣಗೂ ಇಲ್ಲದ ಜನ. ಆತನು ತನ್ನದೇ ಸಭೆಯ ಹೊರಗೆ ನಿಂತು ತಟ್ಟುತ್ತಿದ್ದಾನೆ. ಬಾಗಿಲು ತೆಗೆದರೆ ಏನು ಮಾಡುತ್ತೇನೆ ಎಂದ? ಒಳಗೆ ಬಂದು ಅವನ ಸಂಗಡ ಊಟ ಮಾಡುತ್ತೇನೆ, ಅವನು ನನ್ನ ಸಂಗಡ ಊಟ ಮಾಡುವನು ಎಂದ. ಅಲ್ಲಿನ ಗ್ರೀಕ್ ಪದ ದಿನದ ದೊಡ್ಡ ಊಟವಾದ ರಾತ್ರಿಯೂಟಕ್ಕೆ ಹೇಳುವಂಥದ್ದು. ನಿಂತುಕೊಂಡು ಟೀ ಕುಡಿದು ಹೋಗಲು ಆತನು ಬರುವುದಿಲ್ಲ, ನಿಧಾನವಾಗಿ ಕೂತು ಉಣ್ಣಲು ಬರುತ್ತಾನೆ.

ನಾನು ಇದಕ್ಕೆಲ್ಲಾ ಹೊಸಬ. ಮೊದಲು ಏನು ಓದಲಿ?

1 ಯೋಹಾನ ಓದಿ. ಐದು ಅಧ್ಯಾಯ, 105 ವಚನ, ಒಂದೇ ಸಲಕ್ಕೆ ಕೂತು ಮುಗಿಸಬಹುದು. ಮೊದಲ ದಿನ ಪೂರ್ತಿ ಓದಿ, ಅರ್ಥವಾಗದ್ದನ್ನು ಬಿಟ್ಟುಬಿಡಿ. ಎರಡನೇ ದಿನದಿಂದ ಅರ್ಧರ್ಧ ಅಧ್ಯಾಯ. ಪತ್ರದ ಮೊದಲ ಸಾಲುಗಳಲ್ಲಿ ಆ ಹಳೆಯ ಬೆಸ್ತ, ನಾವು ಕಿವಿಯಾರೆ ಕೇಳಿದ್ದು, ಕಣ್ಣಾರೆ ಕಂಡದ್ದು, ಕೈಯಿಂದ ಮುಟ್ಟಿದ್ದು ಎಂದು ಒಂದೊಂದಾಗಿ ಹೇಳಿಕೊಂಡು ಹೋಗುತ್ತಾನೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಓದಿ ಏನಾದರೂ ಕೇಳಬೇಕು ಅನಿಸಿದರೆ ಬರೆದಿಟ್ಟುಕೊಂಡು ನಿಮ್ಮ ಹತ್ತಿರದ ಕೂಟಕ್ಕೆ ಹೋಗಿ, ಟೀ ಹೊತ್ತಿನಲ್ಲಿ ಕೇಳಿ.